ಸರಕುಬಂಡಿಗಳ ಸಂಚಾರದಲ್ಲಿ ಆಜ್ಞೆಯೂ ಅರಿವೂ: ಅಮೆರಿಕಾದ ರೈಲುದಾರಿಗಳ ಅಧಿಕಾರವ್ಯವಸ್ಥೆಯ ಚರಿತ್ರೆ

ಒಂದು ದೊಡ್ಡ ಕಾರ್ಯವನ್ನು ಸಾವಿರಾರು ಜನರು ಕೂಡಿ ನಡೆಸುವಾಗ ಆಜ್ಞೆಯು ಯಾರಿಂದ ಹೊರಟು ಯಾರಲ್ಲಿ ನಿಲ್ಲಬೇಕು, ನಡೆದ ಸಂಗತಿಯು ಯಾರ ಕಣ್ಣಿಗೆ ಬಿದ್ದು ಯಾರ ಕಿವಿಗೆ ಮುಟ್ಟಬೇಕು ಎಂಬುದು ಪ್ರಾಚೀನವಾದ ಪ್ರಶ್ನೆ. ರಾಜ್ಯಗಳೂ ಸೇನೆಗಳೂ ಮಠಗಳೂ ಇದಕ್ಕೆ ತಮ್ಮ ತಮ್ಮ ರೀತಿಯ ಉತ್ತರಗಳನ್ನು ಕಂಡುಕೊಂಡಿದ್ದುವು. ವ್ಯಾಪಾರದ ಸಂಸ್ಥೆಗಳಿಗಾದರೋ ಬಹುಕಾಲ ಈ ಪ್ರಶ್ನೆಯು ಹುಟ್ಟಲೇ ಇಲ್ಲ. ಅಂಗಡಿಯ ಯಜಮಾನನು ಪೆಟ್ಟಿಗೆಯ ಮುಂದೆ ಕುಳಿತು ಗುಮಾಸ್ತರನ್ನು ಕಣ್ಣಾರೆ ನೋಡುತ್ತಿದ್ದನು. ಗಿರಣಿಯ ಒಡೆಯನು ಗಂಟೆ ಬಾರಿಸಿದರೆ ಕೇಳುವಷ್ಟು ದೂರದಲ್ಲಿಯೇ ಕೆಲಸಗಾರರೆಲ್ಲರೂ ಇರುತ್ತಿದ್ದರು. ಈಸ್ಟ್ ಇಂಡಿಯಾ ಕಂಪೆನಿಯಂತಹವು ಸಮುದ್ರದಾಚೆಗೆ ಆಜ್ಞೆಗಳನ್ನು ಕಳುಹಿಸುತ್ತಿದ್ದುದು ನಿಜ. ಆದರೆ ಅವುಗಳಿಗೆ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದುದರಿಂದ, ಒಂದು ಗಳಿಗೆಯ ಹೆಚ್ಚುಕಡಮೆಯಿಂದ ಯಾವ ಕೇಡೂ ಆಗುತ್ತಿರಲಿಲ್ಲ. ಒಂದೇ ಜೊತೆ ಹಳಿಯ ಮೇಲೆ ಎದುರುಬದಿರಾಗಿ ಬರುವ ಎರಡು ಬಂಡಿಗಳಿಗೆ ಅಷ್ಟು ಕಾಲಾವಕಾಶವಿಲ್ಲ. ಯಜಮಾನನ ಕಣ್ಣಿಗೂ ಕೆಲಸದ ಸ್ಥಳಕ್ಕೂ ನೂರಾರು ಮೈಲಿಗಳ ಅಂತರವಿದ್ದು, ತಪ್ಪಿಗೆ ಶಿಕ್ಷೆ ಮಾತ್ರ ಕ್ಷಣಾರ್ಧದಲ್ಲಿ ಬರುವ ವ್ಯಾಪಾರವೆಂದರೆ ರೈಲುದಾರಿಯೇ ಮೊದಲನೆಯದು.

ಇಂದು ದೊಡ್ಡ ಕಚೇರಿಗಳಲ್ಲೆಲ್ಲ ಗೋಡೆಗೆ ತೂಗುಹಾಕುವ ಅಧಿಕಾರಿಗಳ ಶ್ರೇಣಿಯ ಚಿತ್ರವು ಯಾವುದೋ ಸಿದ್ಧಾಂತಗ್ರಂಥದಿಂದ ಬಂದುದೆಂದು ಹಲವರು ಭಾವಿಸಬಹುದು. ಅದರ ಮೂಲವನ್ನು ಹುಡುಕುತ್ತ ಹೋದರೆ ದೊರೆಯುವುದು ಒಂದು ಅಪಘಾತ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ವೂಸ್ಟರ್ ಪಟ್ಟಣದಿಂದ ಪಶ್ಚಿಮಕ್ಕೆ, ಬರ್ಕ್‌ಷೈರ್ ಬೆಟ್ಟಗಳನ್ನು ದಾಟಿ, ಆಲ್ಬನಿಯ ಕಡೆಗೆ ವೆಸ್ಟರ್ನ್ ರೈಲ್‌ರೋಡ್ ಎಂಬ ಕಂಪೆನಿಯು ಸುಮಾರು ೧೫೦ ಮೈಲಿಗಳ ಒಂಟಿಹಳಿಯ ದಾರಿಯನ್ನು ಹಾಕುತ್ತಿತ್ತು. ದಾರಿ ಪೂರ್ತಿಯಾಗುವುದಕ್ಕೆ ಮುಂಚೆಯೇ, ೧೮೪೧ನೆಯ ಇಸವಿ ಅಕ್ಟೋಬರ್ ೫ರಂದು, ಎರಡು ಪ್ರಯಾಣಿಕರ ಬಂಡಿಗಳು ಎದುರೆದುರಾಗಿ ಬಂದು ಹೊಡೆದುವು. ಒಬ್ಬ ಗಾರ್ಡೂ ಒಬ್ಬ ಪ್ರಯಾಣಿಕನೂ ಸತ್ತರು. ಹದಿನೇಳು ಜನರು ಗಾಯಗೊಂಡರು. ಮುಂದಿನ ಕಾಲದ ರೈಲು ದುರಂತಗಳ ಎದುರಿನಲ್ಲಿ ಈ ಸಂಖ್ಯೆಯು ಅಲ್ಪವೆಂದು ತೋರಬಹುದು. ಆದರೆ ಜನರು ಕೆರಳಿದರು. ಶಾಸನಸಭೆಯು ವಿಚಾರಣೆಗೆ ತೊಡಗಿತು. ಡೈರೆಕ್ಟರುಗಳು ಒಂದು ಸಮಿತಿಯನ್ನು ಕೂಡಿಸಿ, ಅದೇ ವರ್ಷದ ನವೆಂಬರಿನಲ್ಲಿ, ಡಿಕ್ಕಿಗಳನ್ನು ತಪ್ಪಿಸುವ ಮತ್ತು ನೌಕರರನ್ನು ಆಳುವ ಕ್ರಮವನ್ನು ಕುರಿತ ವರದಿಯೊಂದನ್ನು ಹೊರಡಿಸಿದರು.

ಆ ವರದಿಯು ದಾರಿಯನ್ನು ಮೂರು ವಿಭಾಗಗಳಾಗಿ ಒಡೆಯಿತು. ಪ್ರತಿಯೊಂದು ವಿಭಾಗಕ್ಕೂ ಸಂಚಾರಕ್ಕೆ ಒಬ್ಬನು, ಹಳಿಗೆ ಒಬ್ಬನು, ಯಂತ್ರಗಳಿಗೆ ಒಬ್ಬನು ಹೊಣೆಗಾರರಾದರು. ಅವರೆಲ್ಲರ ಮೇಲೆ ಕೇಂದ್ರದಲ್ಲಿ ಆಯಾ ಕಾರ್ಯದ ಮುಖ್ಯರು ನಿಂತರು. ವೇಳಾಪಟ್ಟಿಯನ್ನು ಅನಧಿಕಾರಿಗಳು ಯಾರೂ ಬದಲಿಸಕೂಡದೆಂದೂ, ದಾರಿಯಲ್ಲಿರುವಾಗ ಬಂಡಿಯ ಸಂಪೂರ್ಣ ಹೊಣೆಯು ಗಾರ್ಡಿನದೆಂದೂ ವಿಧಿಸಲಾಯಿತು. ಅಮೆರಿಕಾದ ವ್ಯಾಪಾರಸಂಸ್ಥೆಯೊಂದು ತನ್ನ ಒಳಗಿನ ಅಧಿಕಾರವನ್ನು ಹೀಗೆ ಎಲ್ಲೆ ಹಾಕಿ ಬರೆದಿಟ್ಟುದು ಇದೇ ಮೊದಲೆಂದು ವ್ಯಾಪಾರದ ಇತಿಹಾಸವನ್ನು ಬರೆದ ಆಲ್ಫ್ರೆಡ್ ಚಾಂಡ್ಲರನ ಮತ.

ಒಂಟಿಹಳಿಯ ಮೇಲೆ ಬಂಡಿಗಳು ಹೇಗೆ ನಡೆಯುತ್ತಿದ್ದುವೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಮ್ಮ ದೇಶದಲ್ಲಿ ಬ್ರಿಟಿಷರ ಪದ್ಧತಿಯು ಬಂದಿತು. ಒಂಟಿಹಳಿಯ ಮಾರ್ಗಗಳಲ್ಲಿ ಡ್ರೈವರು ಸ್ಟೇಷನ್ನಿನಿಂದ ಟೋಕನ್ ಎಂಬ ಗುಂಡನ್ನು ಬಳೆಯಂತಹ ಹಿಡಿಕೆಯಲ್ಲಿ ತೆಗೆದುಕೊಂಡು, ಅದು ಕೈಯಲ್ಲಿದ್ದರೆ ಮಾತ್ರ ಮುಂದಿನ ಸ್ಟೇಷನ್ನಿಗೆ ಹೋಗುತ್ತಿದ್ದುದನ್ನು ಕಂಡವರು ಅನೇಕರಿರುವರು. ಅಮೆರಿಕಾದ ಹಳೆಯ ಪದ್ಧತಿಯಲ್ಲಿ ಇಂತಹ ಗುರುತಿನ ವಸ್ತುವಿರಲಿಲ್ಲ. ಅಲ್ಲಿ ವೇಳಾಪಟ್ಟಿಯೇ ಪ್ರಮಾಣ. ಬಂಡಿಗಳಿಗೆ ತರತಮಭಾವವನ್ನು ಕಲ್ಪಿಸಿದ್ದರು: ಪ್ರಯಾಣಿಕರ ಬಂಡಿಯು ಮೇಲು, ಸರಕುಬಂಡಿಯು ಕೀಳು, ಸಮಾನವರ್ಗದವಾದರೆ ಇಂತಹ ದಿಕ್ಕಿಗೆ ಹೋಗುವುದು ಮೇಲು ಎಂದು ಕಟ್ಟಳೆ. ಕ್ರಾಸಿಂಗಿನ ಸ್ಥಳದಲ್ಲಿ ಕೀಳಾದುದು ಪಕ್ಕದ ಹಳಿಗೆ ಸರಿದು ಕಾದಿರಬೇಕು. ಮೇಲಿನ ಬಂಡಿಯು ಎಲ್ಲಿಯೋ ಕೆಟ್ಟು ನಿಂತರೆ ಕೀಳಿನದೂ ನಿಂತೇ ಇರಬೇಕು; ಇಲ್ಲವೆ ಒಬ್ಬನನ್ನು ಬಾವುಟದೊಡನೆ ಮುಂದೆ ನಡೆಸಿ, ಅವನ ಹಿಂದೆ ತೆವಳಬೇಕು. ಎಲ್ಲ ಬಂಡಿಗಳಿಗಿಂತ ಕೀಳಾದ ಸರಕುಬಂಡಿಯು ತನ್ನ ಆಯುಷ್ಯದ ಬಹುಭಾಗವನ್ನು ಪಕ್ಕದ ಹಳಿಯಲ್ಲಿಯೇ ಕಳೆಯುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಶಬ್ದಶಾಸ್ತ್ರವನ್ನು ಓದಿದವರಿಗೆ ಇದರ ತತ್ತ್ವವು ಸುಲಭವಾಗಿ ಹೊಳೆಯುತ್ತದೆ. ವೇಳಾಪಟ್ಟಿಯು ಉತ್ಸರ್ಗ, ಎಂದರೆ ಸಾಮಾನ್ಯವಿಧಿ. ಇದಕ್ಕೆ ಅಪವಾದವಿಲ್ಲದಿದ್ದರೆ ಶಾಸ್ತ್ರವು ನಡೆಯಲಾರದು. ಆದರೆ ಅಪವಾದವನ್ನು ವಿಧಿಸುವವನಿಗೆ ಸಮಗ್ರವಾದ ಲಕ್ಷ್ಯಜ್ಞಾನವಿರಬೇಕು. ಎರಡು ಸ್ಟೇಷನ್ನುಗಳ ನಡುವೆ ನಿಂತ ಗಾರ್ಡಿಗೆ ಆ ಜ್ಞಾನವಿಲ್ಲ. ಅದನ್ನು ಒದಗಿಸಿದುದು ತಂತಿ. ನ್ಯೂಯಾರ್ಕ್ ಪ್ರಾಂತದ ಈರಿ ರೈಲುದಾರಿಯು ೧೮೫೧ರಲ್ಲಿ ಹಡ್ಸನ್ ನದಿಯ ದಡದ ಪಿಯರ್ಮಾಂಟಿನಿಂದ ಈರಿ ಸರೋವರದ ದಡದ ಡನ್‌ಕರ್ಕ್‌ವರೆಗೆ, ಸುಮಾರು ೪೫೦ ಮೈಲಿ, ಪೂರ್ತಿಯಾಯಿತು. ಅದರ ಸೂಪರಿಂಟೆಂಡೆಂಟನಾಗಿದ್ದ ಚಾರ್ಲ್ಸ್ ಮೈನಟ್ ಎಂಬವನು ಅದೇ ವರ್ಷ ಪಶ್ಚಿಮಕ್ಕೆ ಹೋಗುವ ಬಂಡಿಯಲ್ಲಿ ಕುಳಿತಿದ್ದಾಗ, ಎದುರುಬಂಡಿಗಾಗಿ ಟರ್ನರ್ ಎಂಬಲ್ಲಿ ಕಾಯಬೇಕಾಯಿತೆಂದೂ, ಆತನು ಮುಂದಿನ ಗೋಷನ್ ಸ್ಟೇಷನ್ನಿಗೆ ತಂತಿ ಹೊಡೆದು ಎದುರುಬಂಡಿಯನ್ನು ಅಲ್ಲಿ ತಡೆಯಿಸಿ, ತನ್ನ ಬಂಡಿಯನ್ನು ಮುಂದೆ ಬಿಡಲು ಆಜ್ಞಾಪಿಸಿದನೆಂದೂ ಆ ದಾರಿಯ ಚರಿತ್ರಕಾರರು ಬರೆದಿದ್ದಾರೆ. ಡ್ರೈವರು ಒಪ್ಪಲಿಲ್ಲ. ತಂತಿಯ ಮಾತನ್ನು ನಂಬಿ ವೇಳಾಪಟ್ಟಿಯನ್ನು ಮುರಿಯಲು ತಾನು ಸಿದ್ಧನಲ್ಲವೆಂದು ಅವನು ಇಂಜಿನ್ನಿನಿಂದ ಇಳಿದು, ಡಿಕ್ಕಿಯಾದರೆ ಬದುಕಬಹುದೆಂದು, ಕಟ್ಟಕಡೆಯ ಗಾಡಿಯ ಕಡೆಯ ಪೀಠದಲ್ಲಿ ಹೋಗಿ ಕುಳಿತನಂತೆ. ಮೈನಟನೇ ಇಂಜಿನ್ನನ್ನು ನಡೆಸಿಕೊಂಡು ಗೋಷನ್ನಿಗೆ ಸುರಕ್ಷಿತವಾಗಿ ಮುಟ್ಟಿದನು. ಈ ಕಥೆಯನ್ನು ಹೇಳುವವರು ಡ್ರೈವರನ್ನು ನಗೆಗೀಡುಮಾಡುವುದು ವಾಡಿಕೆ. ಅದು ನ್ಯಾಯವಲ್ಲ. ಶಾಸ್ತ್ರವಿಧಿಯನ್ನು ಬಿಡಬೇಕಾದರೆ ಪ್ರಬಲವಾದ ಪ್ರಮಾಣ ಬೇಕೆಂಬ ಅವನ ನಿಲುವು ಸರಿಯಾದುದೇ. ತಂತಿಯು ಪ್ರಮಾಣವೆಂಬುದು ಆ ದಿನ ಇನ್ನೂ ಸಿದ್ಧವಾಗಿರಲಿಲ್ಲ, ಅಷ್ಟೆ.

ಮೈನಟನ ತರುವಾಯ ೧೮೫೪ರಲ್ಲಿ ಈರಿಯ ಜನರಲ್ ಸೂಪರಿಂಟೆಂಡೆಂಟನಾದವನು ಡೇನಿಯಲ್ ಮೆಕ್ಯಾಲಮ್. ಈ ಚರಿತ್ರೆಯ ಮುಖ್ಯಪುರುಷನು ಈತನೇ. ೧೮೧೫ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಅಮೆರಿಕಾಕ್ಕೆ ಬಂದು, ಬಡಗಿಯ ಕೆಲಸದಿಂದ ಮೇಲೆ ಬಂದವನು. ಮರದ ಸೇತುವೆಗಳನ್ನು ಕಟ್ಟುವುದರಲ್ಲಿ ನಿಪುಣನಾಗಿ, ಕಮಾನಿನ ಸೇತುವೆಯೊಂದಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಕವಿತೆಗಳನ್ನೂ ಬರೆದು ಪ್ರಕಟಿಸಿದನೆಂಬುದನ್ನು ಸಾಹಿತ್ಯದ ಉಪಾಧ್ಯಾಯರು ಗಮನಿಸಬಹುದು. ಈತನ ಕೈಗೆ ಬಂದ ದಾರಿಯಾದರೋ ಲಾಭಕ್ಕಿಂತ ಕೀರ್ತಿಗಾಗಿ ಹಾಕಿದಂತಿತ್ತು. ಹಳಿಗಳ ನಡುವೆ ಆರಡಿಯ ಅಗಲವಿದ್ದುದರಿಂದ ನೆರೆಯ ದಾರಿಗಳ ವ್ಯಾಗನ್ನುಗಳು ಇದರೊಳಕ್ಕೆ ಬರುವಂತಿರಲಿಲ್ಲ. ಅಗಲ ಬೇರೆಯಾದೆಡೆಯಲ್ಲಿ ಮೂಟೆಮೂಟೆಯನ್ನೂ ಇಳಿಸಿ ಮತ್ತೆ ಹೇರಬೇಕು. ನಾಲ್ಕು ಸಾವಿರಕ್ಕೂ ಮಿಕ್ಕ ನೌಕರರಿದ್ದರು. ದಾರಿಯು ಉದ್ದವಾದಷ್ಟೂ ಮೈಲಿಯೊಂದಕ್ಕೆ ಖರ್ಚು ಇಳಿಯಬೇಕೆಂಬುದು ಲೋಕದ ಊಹೆಯಾಗಿತ್ತು. ಕಂಡುದು ಅದಕ್ಕೆ ವಿರುದ್ಧ. ಚಿಕ್ಕ ದಾರಿಗಳಿಗಿಂತ ದೊಡ್ಡ ದಾರಿಗಳಲ್ಲಿಯೇ ಖರ್ಚು ಹೆಚ್ಚಾಗಿತ್ತು.

ಕಾರಣವನ್ನು ಮೆಕ್ಯಾಲಮನು ೧೮೫೫ನೆಯ ವರ್ಷದ ತನ್ನ ವರದಿಯಲ್ಲಿ ತಿಳಿಸಿದ್ದಾನೆ. ಐವತ್ತು ಮೈಲಿಯ ದಾರಿಯ ಸೂಪರಿಂಟೆಂಡೆಂಟನು ಪ್ರತಿಯೊಬ್ಬ ನೌಕರನನ್ನೂ ಹೆಸರಿನಿಂದ ಬಲ್ಲನು; ದಿನವೂ ದಾರಿಯನ್ನು ತಾನೇ ಸುತ್ತಬಲ್ಲನು. ಅವನಲ್ಲಿ ಒಳ್ಳೆಯ ಕ್ರಮವಿಲ್ಲದಿದ್ದರೂ ಕಣ್ಣು ಆ ಕೊರತೆಯನ್ನು ತುಂಬುತ್ತದೆ. ಐನೂರು ಮೈಲಿಯ ದಾರಿಯಲ್ಲಿ ಅದೇ ಕ್ರಮವನ್ನು ಇಟ್ಟುಕೊಂಡರೆ ನಾಶವೇ ಗತಿ. ಆದುದರಿಂದ ಉದ್ದವು ದೋಷವಲ್ಲ, ಕಣ್ಣಿನ ಬದಲಿಗೆ ಕ್ರಮವನ್ನು ನಿಲ್ಲಿಸದಿರುವುದು ದೋಷ ಎಂಬುದು ಆತನ ಸಿದ್ಧಾಂತ. ಇದಕ್ಕೆ ಸಾಧಕವಾಗಿ ಆರು ತತ್ತ್ವಗಳನ್ನು ಹೇಳಿದನು. ಹೊಣೆಯನ್ನು ಸರಿಯಾಗಿ ಹಂಚಬೇಕು. ಹೊಣೆ ಹೊತ್ತವನಿಗೆ ಅದನ್ನು ನಿರ್ವಹಿಸುವಷ್ಟು ಅಧಿಕಾರವನ್ನು ಕೊಡಬೇಕು. ಅವನು ನಿರ್ವಹಿಸಿದನೋ ಇಲ್ಲವೋ ಎಂದು ತಿಳಿಯುವ ಉಪಾಯವಿರಬೇಕು. ಲೋಪವಾದಾಗ ಅದು ಬೇಗನೆ ಮೇಲಕ್ಕೆ ತಿಳಿಯಬೇಕು. ಈ ತಿಳಿವಳಿಕೆಯು ದಿನದಿನದ ವರದಿಗಳಿಂದ ಬರಬೇಕಲ್ಲದೆ, ಮೇಲಿನವರಿಗೆ ಮುಜುಗರವನ್ನೂ ಕೆಳಗಿನವರಲ್ಲಿ ಅವರ ಗೌರವಕ್ಕೆ ಕುಂದನ್ನೂ ತರುವ ರೀತಿಯಿಂದ ಬರಬಾರದು. ಒಟ್ಟು ವ್ಯವಸ್ಥೆಯು ತಪ್ಪನ್ನು ಮಾತ್ರವಲ್ಲದೆ ತಪ್ಪಿದವನನ್ನೂ ತೋರಿಸುವಂತಿರಬೇಕು. ಇವುಗಳಲ್ಲಿ ಐದನೆಯದು ಬಹು ಸೂಕ್ಷ್ಮವಾದುದು; ಗೂಢಚಾರರಿಂದ ಆಳುವುದನ್ನು ಇದು ಬಾಯಿಬಿಟ್ಟು ಹೇಳದೆಯೇ ನಿಷೇಧಿಸುತ್ತದೆ.

ಕೌಟಿಲ್ಯನ ಅಧ್ಯಕ್ಷಪ್ರಚಾರವು ಇಲ್ಲಿ ನೆನಪಿಗೆ ಬರುವುದು ಸಹಜ. ಮೈಸೂರಿನ ಪ್ರಾಚ್ಯಕೋಶಾಗಾರದಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ ಕೋಶಾಗಾರ, ಸುಂಕ, ನಾವೆ, ಗೋವುಗಳು ಮೊದಲಾದವಕ್ಕೆಲ್ಲ ಬೇರೆ ಬೇರೆ ಅಧ್ಯಕ್ಷರಿದ್ದಾರೆ. ಆದರೆ ಸಾಮ್ಯವು ಅಲ್ಲಿಗೇ ನಿಲ್ಲುತ್ತದೆ. ಒಂದೊಂದು ಅಧಿಕರಣಕ್ಕೂ ಹಲವರು ಮುಖ್ಯರಿರಲಿ, ಅವರೂ ಸ್ಥಿರರಾಗಿರದಿರಲಿ ಎಂಬುದು ಕೌಟಿಲ್ಯನ ಅಭಿಪ್ರಾಯ. ಅಧಿಕಾರಿಯು ಕದಿಯುವನೆಂಬ ಶಂಕೆಯೇ ಅದರ ಮೂಲ. ಮೆಕ್ಯಾಲಮನಾದರೋ ಪ್ರತಿಯೊಬ್ಬನಿಗೂ ಒಬ್ಬನೇ ಮೇಲಧಿಕಾರಿಯಿರಬೇಕು, ಅವನೊಬ್ಬನ ಆಜ್ಞೆಗೆ ಮಾತ್ರ ಅವನು ಅಧೀನನು ಎನ್ನುತ್ತಾನೆ. ಆತನು ಅಂಜಿದುದು ಕಳ್ಳತನಕ್ಕಲ್ಲ, ಒಂದೇ ಬಂಡಿಗೆ ಇಬ್ಬರು ಎರಡು ಬಗೆಯ ಆಜ್ಞೆ ಕೊಟ್ಟಾರೆಂಬುದಕ್ಕೆ.

ಈ ವ್ಯವಸ್ಥೆಯನ್ನು ಹೆನ್ಷಾ ಎಂಬ ಇಂಜಿನಿಯರಿನಿಂದ ಚಿತ್ರವಾಗಿ ಬರೆಯಿಸಿದನು. ೧೮೫೫ನೆಯ ಸೆಪ್ಟೆಂಬರಿನ ಲೆಕ್ಕಗಳನ್ನು ಆಧರಿಸಿದ ಈ ಚಿತ್ರದ ಪ್ರತಿಯೊಂದು ಅಮೆರಿಕಾದ ಕಾಂಗ್ರೆಸ್ ಪುಸ್ತಕಾಲಯದಲ್ಲಿದೆ. ಇಂತಹ ಚಿತ್ರಗಳಲ್ಲಿ ಇದೇ ಆದ್ಯವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದು ಪೆಟ್ಟಿಗೆಗಳ ಸಾಲಲ್ಲ. ಬಳ್ಳಿಯಂತೆ ಬಳುಕಿದ ಒಂದು ಗಿಡ. ಡೈರೆಕ್ಟರುಗಳೂ ಅಧ್ಯಕ್ಷನೂ ಬುಡದಲ್ಲಿದ್ದಾರೆ. ವಿಭಾಗಗಳು ಕೊಂಬೆಗಳಾಗಿ ಹರಡಿವೆ. ಸ್ಟೇಷನ್ನುಗಳ ಕೂಲಿಗಳು, ಡ್ರೈವರುಗಳು, ಬ್ರೇಕಿನವರು ಎಷ್ಟೆಷ್ಟು ಮಂದಿಯೆಂಬ ಸಂಖ್ಯೆಗಳೊಡನೆ ತುದಿಯ ಚಿಗುರುಗಳಂತೆ ಕಾಣಿಸುತ್ತಾರೆ. ಈಚಿನ ಕಚೇರಿಗಳ ಚಿತ್ರಗಳು ಗೀತೆಯ ಅಶ್ವತ್ಥದಂತೆ ಊರ್ಧ್ವಮೂಲವಾದವು, ಈರಿಯದು ಅಧೋಮೂಲ. ತುದಿಯ ಭಾರವನ್ನೆಲ್ಲ ಬುಡವು ಹೊರಬೇಕೆಂದು ಸೇತುವೆ ಕಟ್ಟುವವನಿಗೆ ತೋರಿದುದು ಆಶ್ಚರ್ಯವಲ್ಲ.

ತಂತಿಯು ಈ ಗಿಡದ ನಾಡಿಯಾಯಿತು. ಬಂಡಿಗಳು ಎಲ್ಲೆಲ್ಲಿವೆಯೆಂದು ಗಂಟೆಗಂಟೆಗೂ ತಿಳಿಯಿಸಬೇಕು. ಯಾವ ವ್ಯಾಗನ್ನು ಎಲ್ಲಿ ಏಕೆ ನಿಂತಿದೆ, ತುಂಬಿದೆಯೋ ಬರಿದೋ ಎಂಬುದು ಪಟ್ಟಿಗಳಲ್ಲಿ ಬರಬೇಕು. ಆ ಕಾಲದ ರೈಲುಪತ್ರಿಕೆಯ ಸಂಪಾದಕನಾಗಿದ್ದ ಹೆನ್ರಿ ವಾರ್ನಮ್ ಪೂರ್ ಎಂಬವನು ಇದನ್ನು ಬಹುವಾಗಿ ಮೆಚ್ಚಿ ಲೋಕದಲ್ಲೆಲ್ಲ ಪ್ರಚಾರಮಾಡಿದನು. ಆದರೆ ಕೆಲವು ವರ್ಷಗಳಲ್ಲಿ ಅದೇ ಪೂರನು, ಮನುಷ್ಯರನ್ನು ಯಂತ್ರದ ಭಾಗಗಳನ್ನಾಗಿ ಮಾಡಿದರೆ ಅವರ ಉತ್ಸಾಹವು ಏನಾಗುವುದೆಂದು ಚಿಂತಿಸತೊಡಗಿದನು.

ಆ ಚಿಂತೆಗೆ ಕಾರಣವು ಈರಿಯಲ್ಲಿಯೇ ಇತ್ತು. ಮೆಕ್ಯಾಲಮನ ನಿಯಮಗಳಲ್ಲಿ ಒಂದು ಹೀಗಿತ್ತು: ಬಂಡಿ ನಿಲ್ಲಬೇಕಾದ ಸ್ಟೇಷನ್ನಿನಲ್ಲಿ ಪಾಯಿಂಟ್ಸ್ ತಪ್ಪಾಗಿದ್ದು ಇಂಜಿನ್ನು ಹಳಿ ತಪ್ಪಿದರೆ, ಹೊಣೆಯು ಡ್ರೈವರಿನದು. ನಿಧಾನವಾಗಿ ಬಂದಿದ್ದರೆ ಅವನು ನೋಡಿ ನಿಲ್ಲಿಸಬಹುದಾಗಿತ್ತೆಂಬುದು ನಿಯಮದ ಹೇತು. ಪಾಯಿಂಟ್ಸನ್ನು ತಿರುಗಿಸುವವನು ಬೇರೊಬ್ಬನಿರುವಾಗ ಅವನ ತಪ್ಪಿಗೆ ತಮಗೇಕೆ ಶಿಕ್ಷೆಯೆಂಬುದು ಡ್ರೈವರುಗಳ ಆಕ್ಷೇಪ. ಕತ್ತಲೆಯಲ್ಲಿ, ಮಂಜಿನಲ್ಲಿ, ಹಿಂದೆ ತಳ್ಳುತ್ತಿರುವ ನೂರಾರು ಟನ್ನುಗಳ ಭಾರದೊಡನೆ ಅದನ್ನು ಕಾಣುವುದು ಎಷ್ಟು ಕಷ್ಟವೆಂದು ಅವರಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ೧೮೫೪ರಲ್ಲಿ ಅವರು ಕೆಲಸ ನಿಲ್ಲಿಸಿದರು; ೧೮೫೬ರಲ್ಲಿ ಮತ್ತೆ ನಿಲ್ಲಿಸಿದರು. ಎರಡನೆಯ ಸಲ ಕಂಪೆನಿಯು ಬಗ್ಗಲಿಲ್ಲ. ಅನುಭವವಿಲ್ಲದವರನ್ನು ಇಂಜಿನ್ನುಗಳ ಮೇಲೆ ಹತ್ತಿಸಿ, ಬಹಳ ನಷ್ಟವನ್ನು ಅನುಭವಿಸಿತು. ೧೮೫೭ರ ಆರಂಭದಲ್ಲಿ ಮೆಕ್ಯಾಲಮನು ರಾಜೀನಾಮೆಯನ್ನು ಕೊಟ್ಟು ಹೊರಟುಹೋದನು. ೧೮೫೯ರಲ್ಲಿ ಈರಿ ಕಂಪೆನಿಯೇ ದಿವಾಳಿಯಾಯಿತು. ಅದಕ್ಕೆ ಸಾಲಗಳೇ ಮೊದಲಾದ ಬೇರೆ ಕಾರಣಗಳೂ ಇದ್ದುವೆಂಬುದನ್ನು ಮರೆಯಬಾರದು.

ಇಲ್ಲಿ ದೋಷವೆಲ್ಲಿ? ಆರು ತತ್ತ್ವಗಳನ್ನು ಮತ್ತೆ ನೋಡಿದರೆ, ಕೆಳಗಿನಿಂದ ಮೇಲಕ್ಕೆ ಹೋಗಬೇಕಾದುದನ್ನು ಎರಡೇ ಬಗೆಯಾಗಿ ಎಣಿಸಿರುವುದು ಕಾಣುತ್ತದೆ: ನಡೆದ ಸಂಗತಿ, ಮತ್ತು ನಡೆದ ತಪ್ಪು. ಮೂರನೆಯದೊಂದಿದೆ. ಅದು ವಿಧಿಯೇ ತಪ್ಪಾಗಿದೆಯೆಂಬ ಅರಿವು. ಇದು ವಿಧಿಯನ್ನು ಅನುಷ್ಠಾನಮಾಡುವವನಲ್ಲಿ ಮೊದಲು ಹುಟ್ಟುತ್ತದೆ. ಆದರೆ ಅದು ಬುಡಕ್ಕೆ ಮುಟ್ಟಲು ಮೆಕ್ಯಾಲಮನ ಗಿಡದಲ್ಲಿ ನಾಳವಿರಲಿಲ್ಲ. ವರದಿಯಲ್ಲಿ ಕಾಲಮು ಇಲ್ಲದ ಮಾತು ಕೊನೆಗೆ ಮುಷ್ಕರವಾಗಿ ಹೊರಬಿದ್ದಿತು.

ಮೆಕ್ಯಾಲಮನ ಕ್ರಮಕ್ಕೆ ತಕ್ಕ ಸ್ಥಳವು ಯುದ್ಧದಲ್ಲಿ ದೊರೆಯಿತು. ೧೮೬೨ರ ಫೆಬ್ರುವರಿಯಲ್ಲಿ ಆತನನ್ನು ಸರಕಾರದ ಸೈನಿಕ ರೈಲುದಾರಿಗಳಿಗೆ ನಿರ್ದೇಶಕನನ್ನಾಗಿ ನೇಮಿಸಿದರು. ೧೮೬೩ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ವರ್ಜೀನಿಯಾದಿಂದ ಟೆನೆಸಿಯ ಕಡೆಗೆ ಸುಮಾರು ೧೨೦೦ ಮೈಲಿ, ಹಲವು ಕಂಪೆನಿಗಳ ದಾರಿಗಳ ಮೇಲೆ, ಎರಡು ವಾರಗಳೊಳಗೆ ಸಾಗಿಸಿದುದರಲ್ಲಿ ಆತನ ಕೈಯೂ ಇತ್ತು. ಯುದ್ಧವು ಮುಗಿಯುವ ಹೊತ್ತಿಗೆ ಈ ಇಲಾಖೆಯ ವಶದಲ್ಲಿ ೨,೧೦೫ ಮೈಲಿ ದಾರಿ, ೪೧೯ ಇಂಜಿನ್ನು, ೬,೩೩೦ ಗಾಡಿಗಳು ಇದ್ದುವು.

ಮುಂದಿನ ತಲೆಮಾರಿನಲ್ಲಿ ಎರಡು ಸಂಪ್ರದಾಯಗಳು ಬೆಳೆದುವು. ಪೆನ್ಸಿಲ್ವೇನಿಯಾ ರೈಲುದಾರಿಯ ಎಡ್ಗರ್ ಥಾಮ್ಸನ್ ಎಂಬವನು ೧೮೫೭ರಲ್ಲಿ ಮಾಡಿದ ಏರ್ಪಾಟಿನಂತೆ, ಬಂಡಿಗಳನ್ನು ನಡೆಸುವ ಅಧಿಕಾರವು ವಿಭಾಗದ ಸೂಪರಿಂಟೆಂಡೆಂಟನದು. ಕೇಂದ್ರದಲ್ಲಿರುವ ಯಂತ್ರಾಧಿಕಾರಿಯು ಇಂಜಿನ್ನನ್ನು ಹೀಗೆ ಕಟ್ಟಬೇಕು, ಹೀಗೆ ರಿಪೇರಿ ಮಾಡಬೇಕು ಎಂದು ನಿಯಮಿಸಬಹುದು. ವಿಭಾಗದ ಕೆಲಸಗಾರನಿಗೆ ಇಂದು ಇದನ್ನು ಮಾಡೆಂದು ಆಜ್ಞಾಪಿಸುವಂತಿಲ್ಲ. ಒಬ್ಬನದು ವಿಧಿ, ಇನ್ನೊಬ್ಬನದು ಪರಿಭಾಷೆ. ನ್ಯೂಯಾರ್ಕ್ ಸೆಂಟ್ರಲ್ ದಾರಿಯಲ್ಲಿ ಇದಕ್ಕೆ ಬದಲಾಗಿ ಸಂಚಾರ, ಯಂತ್ರ, ಹಳಿ ಎಂಬ ಒಂದೊಂದು ಇಲಾಖೆಯೂ ತುದಿಯಿಂದ ಕೇಂದ್ರದವರೆಗೆ ಬೇರೆ ಬೇರೆಯಾಗಿಯೇ ಏರುತ್ತಿತ್ತು. ಇಂಜಿನ್ನಿಲ್ಲದೆ ಸರಕುಬಂಡಿಯು ನಿಂತರೆ ಆ ಜಗಳವನ್ನು ಮುಖ್ಯ ಕಚೇರಿಯಲ್ಲಿಯೇ ತೀರಿಸಿಕೊಳ್ಳಬೇಕಾಗುತ್ತಿತ್ತು. ಮೊದಲನೆಯ ಸಂಪ್ರದಾಯವು ಸ್ಥಳದ ಅರಿವಿಗೆ ಹೆಚ್ಚು ಬೆಲೆಯನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

ಅದೇ ಕಾಲದಲ್ಲಿ ಲೆಕ್ಕದ ಶಾಸ್ತ್ರವೂ ಹುಟ್ಟಿತು. ಜರ್ಮನಿಯಿಂದ ಬಂದ ಆಲ್ಬರ್ಟ್ ಫಿಂಕ್ ಎಂಬ ಇಂಜಿನಿಯರು ಲೂಯಿವಿಲ್ ಮತ್ತು ನ್ಯಾಷ್ವಿಲ್ ದಾರಿಯ ೧೮೭೪ರ ವರದಿಯಲ್ಲಿ, ಒಂದು ಟನ್ ಸರಕನ್ನು ಒಂದು ಮೈಲಿ ಸಾಗಿಸುವುದಕ್ಕೆ ಬೀಳುವ ಖರ್ಚನ್ನು ಬಿಡಿಸಿ ತೋರಿಸಿದನು. ಬಂಡಿಗಳು ಓಡಲಿ ಓಡದಿರಲಿ ತಪ್ಪದ ಖರ್ಚು ಯಾವುದು, ಓಟದೊಡನೆ ಏರುವುದು ಯಾವುದು ಎಂದು ವಿಂಗಡಿಸಿದನು. ಇದರಿಂದಾದ ಉಪಕಾರವು ದೊಡ್ಡದು. ಆದರೆ ಈ ಸಂಖ್ಯೆಯ ಮೋಹದಿಂದ ಒಂದು ಅಪಕಾರವೂ ಆಯಿತು. ಟನ್-ಮೈಲಿಯ ಖರ್ಚನ್ನು ಇಳಿಸಲು ಸುಲಭೋಪಾಯವೆಂದರೆ ಬಂಡಿಯನ್ನು ಉದ್ದಮಾಡುವುದು; ಬಂಡಿಯು ಉದ್ದವಾಗಬೇಕಾದರೆ ವ್ಯಾಗನ್ನುಗಳು ಸಾಕಷ್ಟು ಕೂಡುವವರೆಗೆ ಅದು ಯಾರ್ಡಿನಲ್ಲಿ ಕಾಯಬೇಕು. ಓಡುವ ಬಂಡಿಯ ಲೆಕ್ಕ ಎಲ್ಲರ ಕಣ್ಣಿಗೂ ಬಿತ್ತು. ಕಾದುನಿಂತ ವ್ಯಾಗನ್ನಿನ ಲೆಕ್ಕವನ್ನು ಕೇಳುವವರು ವಿರಳರಾದರು. ವ್ಯಾಗನ್ನಿನ ಆಯುಷ್ಯದ ಬಹುಪಾಲು ನಿಲುಗಡೆಯಲ್ಲಿಯೇ ಕಳೆಯುವುದರಿಂದ, ಸರಕಿನ ಸಂಚಾರವನ್ನು ಯೋಜಿಸುವುದೆಂದರೆ ಮುಖ್ಯವಾಗಿ ಯಾರ್ಡನ್ನು ಯೋಜಿಸುವುದು. ಯಾವ ವ್ಯಾಗನ್ನುಗಳನ್ನು ಎಲ್ಲಿ ಒಂದು ಗುಂಪಾಗಿ ಕಟ್ಟಿದರೆ ನಡುವಿನ ಯಾರ್ಡುಗಳಲ್ಲಿ ಅದನ್ನು ಬಿಚ್ಚದೆ ದೂರಕ್ಕೆ ಒಯ್ಯಬಹುದು ಎಂಬುದೇ ಈ ಶಾಸ್ತ್ರದ ತಿರುಳು.

೧೯೧೭ರಲ್ಲಿ ಇದರ ಕಠಿನ ಪರೀಕ್ಷೆ ನಡೆಯಿತು. ಮೊದಲನೆಯ ಮಹಾಯುದ್ಧಕ್ಕೆ ಅಮೆರಿಕಾ ಇಳಿದೊಡನೆ ಯೂರೋಪಿಗೆ ಹೋಗಬೇಕಾದ ಸರಕೆಲ್ಲ ಪೂರ್ವತೀರದ ಬಂದರುಗಳಿಗೆ ನುಗ್ಗಿತು. ಹಡಗುಗಳು ಸಾಲದೆ ವ್ಯಾಗನ್ನುಗಳು ಅಲ್ಲಿಯೇ ಉಗ್ರಾಣಗಳಾಗಿ ನಿಂತುವು. ಪಶ್ಚಿಮದಲ್ಲಿ ಧಾನ್ಯ ಹೇರಲು ವ್ಯಾಗನ್ನಿಲ್ಲ. ಸೇನೆ, ನೌಕಾದಳ, ಹಡಗುಮಂಡಲಿ ಮೊದಲಾದವುಗಳ ಅಧಿಕಾರಿಗಳು ತಮ್ಮ ತಮ್ಮ ಸರಕು ಮುಂದೆ ಹೋಗಲೆಂದು ವ್ಯಾಗನ್ನುಗಳಿಗೆ ಪ್ರಾಶಸ್ತ್ಯದ ಚೀಟಿಗಳನ್ನು ಅಂಟಿಸುವ ಅಧಿಕಾರವನ್ನು ಪಡೆದರು. ಒಬ್ಬನ ಚೀಟಿಯನ್ನು ಇನ್ನೊಬ್ಬನು ಬಲ್ಲವನಲ್ಲ. ಕೆಲವು ವಿಭಾಗಗಳಲ್ಲಿ ಬಹುಪಾಲು ವ್ಯಾಗನ್ನುಗಳ ಮೇಲೆ ಚೀಟಿ ಬಿದ್ದಿತು. ಮುಂದೆ ನಿಂತ ಚೀಟಿಯಿಲ್ಲದ ವ್ಯಾಗನ್ನನ್ನು ಸರಿಸಿ ಹಿಂದಿನ ಚೀಟಿಯ ವ್ಯಾಗನ್ನನ್ನು ಹೊರತೆಗೆಯಲು ಶಂಟಿಂಗ್ ಮಾಡುತ್ತ ಯಾರ್ಡೇ ಕಟ್ಟಿಕೊಂಡಿತು. ಎಲ್ಲವೂ ಅಪವಾದವಾದ ಮೇಲೆ ಉತ್ಸರ್ಗವೆಲ್ಲಿ? ಪ್ರತಿಯೊಬ್ಬ ಅಧಿಕಾರಿಯೂ ತನ್ನ ಅಧಿಕಾರದೊಳಗೆ ನ್ಯಾಯವಾಗಿಯೇ ನಡೆದನು. ಒಟ್ಟು ಫಲವು ಸ್ತಂಭನ. ಡಿಸೆಂಬರ್ ೨೮ರಂದು ಸರಕಾರವು ದೇಶದ ರೈಲುದಾರಿಗಳನ್ನು ವಶಕ್ಕೆ ತೆಗೆದುಕೊಂಡು, ವಿಲಿಯಮ್ ಮೆಕಾಡೂವನ್ನು ಅವುಗಳ ಮೇಲೆ ನಿಲ್ಲಿಸಿತು. ೧೯೨೦ರ ಮಾರ್ಚ್ ೧ರಂದು ಅವು ಕಂಪೆನಿಗಳಿಗೆ ಹಿಂದಿರುಗಿದುವು. ಈ ಪಾಠದಿಂದ ಉಳಿದುಬಂದ ನಿಯಮವು ಬಹು ಸರಳವಾದುದು: ಇಳಿಸುವ ಸ್ಥಳವು ನಿಶ್ಚಯವಾದ ಹೊರತು ಹೇರಲು ಅನುಮತಿಯಿಲ್ಲ. ಎರಡನೆಯ ಮಹಾಯುದ್ಧದಲ್ಲಿ ದಾರಿಗಳು ಕಂಪೆನಿಗಳ ಕೈಯಲ್ಲಿಯೇ ಇದ್ದರೂ ಅಂತಹ ಸ್ತಂಭನವು ಮರಳಿ ಬರದಿರಲು ಈ ನಿಯಮವೂ ಒಂದು ಕಾರಣ.

ಯುದ್ಧಗಳ ನಡುವೆ ಯಂತ್ರಗಳು ಹೆಚ್ಚಿದುವು. ದಿಬ್ಬದ ಯಾರ್ಡುಗಳಲ್ಲಿ ವ್ಯಾಗನ್ನುಗಳನ್ನು ದಿಬ್ಬದ ಮೇಲಕ್ಕೆ ತಳ್ಳಿ, ಕೊಂಡಿ ಕಳಚಿ, ತಮ್ಮ ಭಾರದಿಂದಲೇ ಇಳಿದು ತಮತಮಗೆ ಸಲ್ಲುವ ಹಳಿಗೆ ಹೋಗುವಂತೆ ಮಾಡುತ್ತಿದ್ದರು. ಒಂದೊಂದರ ಮೇಲೂ ಒಬ್ಬನು ಸವಾರಿಮಾಡಿ ಬ್ರೇಕು ಹಾಕಬೇಕಾಗಿತ್ತು. ಇಂಡಿಯಾನಾದ ಗಿಬ್ಸನ್ ಯಾರ್ಡಿನಲ್ಲಿ ೧೯೨೪ರಲ್ಲಿ ಹಳಿಯಲ್ಲಿಯೇ ಚಕ್ರಗಳನ್ನು ಅದುಮಿ ವೇಗವನ್ನು ಇಳಿಸುವ ಯಂತ್ರಗಳನ್ನು ಕೂರಿಸಿದರು. ೧೯೨೭ರಲ್ಲಿ ಒಹಾಯೋ ಪ್ರಾಂತದ ಒಂದು ಮಾರ್ಗದಲ್ಲ, ಮೈಲಿಗಳಾಚೆಯ ಪಾಯಿಂಟ್ಸನ್ನೂ ಸಿಗ್ನಲುಗಳನ್ನೂ ಒಬ್ಬನೇ ಒಂದು ಕೋಣೆಯಲ್ಲಿ ಕುಳಿತು ತಿರುಗಿಸುವ ಪದ್ಧತಿಯು ಬಂದಿತು. ಮೈನಟನ ತಂತಿಯೂ ಪಾಯಿಂಟ್ಸ್‌ಮನ್ನನ ಕೈಯೂ ಒಂದಾದುವು.

ಹಿಂದೆ ಹೇಳಿದ ಎರಡು ಸಂಪ್ರದಾಯಗಳ ದಾಯಾದಿಗಳು ೧೯೬೮ರ ಫೆಬ್ರುವರಿ ೧ರಂದು ಒಂದಾದರು. ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕ್ ಸೆಂಟ್ರಲ್ ದಾರಿಗಳು ಕೂಡಿ ಪೆನ್ ಸೆಂಟ್ರಲ್ ಎಂಬ ಒಂದೇ ಕಂಪೆನಿಯಾದುವು. ಎರಡರ ಲೆಕ್ಕದ ಯಂತ್ರಗಳು ಒಂದಕ್ಕೊಂದು ಹೊಂದಲಿಲ್ಲ; ಒಂದರ ಗುಮಾಸ್ತನಿಗೆ ಇನ್ನೊಂದರ ಯಾರ್ಡುಗಳು ಗೊತ್ತಿರಲಿಲ್ಲ; ಅಧಿಕಾರಿಗಳಲ್ಲಿ ಕೆಂಪು ಪಂಗಡ, ಹಸಿರು ಪಂಗಡವೆಂಬ ಭೇದವು ಅಳಿಯಲಿಲ್ಲ. ವ್ಯಾಗನ್ನು ಒಂದೆಡೆ, ಅದರ ರವಾನೆಯ ಚೀಟಿಯು ಇನ್ನೊಂದೆಡೆ ಉಳಿದು, ತುಂಬಿದ ವ್ಯಾಗನ್ನುಗಳು ಗುರುತಿಲ್ಲದೆ ಅಲೆದುವು. ೧೯೭೦ರ ಜೂನ್ ೨೧ರಂದು ಕಂಪೆನಿಯು ದಿವಾಳಿಯಾಯಿತು. ಅಮೆರಿಕಾದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ದಿವಾಳಿಯು ನಡೆದಿರಲಿಲ್ಲ. ಲಾರಿಗಳ ಪೈಪೋಟಿ, ಪ್ರಯಾಣಿಕರ ಬಂಡಿಗಳ ನಷ್ಟ, ದರಗಳ ಮೇಲಿನ ಸರಕಾರಿ ಕಟ್ಟು ಇವೂ ಕಾರಣಗಳೇ. ಈ ಕಟ್ಟನ್ನು ೧೯೮೦ರ ಸ್ಟ್ಯಾಗರ್ಸ್ ಕಾಯಿದೆಯು ಬಹುಮಟ್ಟಿಗೆ ಸಡಿಲಿಸಿತು.

ತರುವಾಯದ ಕಾಲದಲ್ಲಿ ಹೆಸರಾದವನು ಹಂಟರ್ ಹ್ಯಾರಿಸನ್. ಇಲಿನಾಯ್ ಸೆಂಟ್ರಲ್, ಕೆನೇಡಿಯನ್ ನ್ಯಾಷನಲ್, ಕೆನೇಡಿಯನ್ ಪೆಸಿಫಿಕ್ ದಾರಿಗಳಲ್ಲಿ ಒಂದಾದಮೇಲೊಂದರಂತೆ ಆತನು ನಡೆಸಿದ ಪದ್ಧತಿಯ ಮೂಲತತ್ತ್ವವು ಮೆಚ್ಚತಕ್ಕದ್ದು: ವೇಳೆಯನ್ನು ಬಂಡಿಗಲ್ಲ, ವ್ಯಾಗನ್ನಿಗೆ ಗೊತ್ತುಮಾಡಬೇಕು, ಬಂಡಿಯು ತುಂಬಲಿ ತುಂಬದಿರಲಿ ವೇಳೆಗೆ ಹೊರಡಬೇಕು. ಟನ್-ಮೈಲಿಯ ಮೋಹದಿಂದ ಮರೆತುಹೋದ ನಿಲುಗಡೆಯ ಲೆಕ್ಕವು ಇಲ್ಲಿ ಮರಳಿ ಬಂದಿತು. ಆದರೆ ಆಚರಣೆಯಲ್ಲಿ ಯಾರ್ಡುಗಳನ್ನೂ ಇಂಜಿನ್ನುಗಳನ್ನೂ ನೌಕರರನ್ನೂ ಕಡಮೆಮಾಡುವುದು, ಬಂಡಿಗಳನ್ನು ಇನ್ನೂ ಉದ್ದಗೊಳಿಸುವುದು ಇದರ ಅಂಗಗಳಾದುವು. ೧೮೫೬ರಲ್ಲಿ ಮೇಲಕ್ಕೆ ಮುಟ್ಟದ ಡ್ರೈವರುಗಳ ಅರಿವಿನಂತೆ, ಯಾರ್ಡಿನ ಹಳಬನ ಅರಿವೂ ಯಾವ ಪಟ್ಟಿಯಲ್ಲಿಯೂ ಸೇರಿರಲಿಲ್ಲ. ಅವನೊಡನೆಯೇ ಅದು ಹೊರಟುಹೋಯಿತು. ೨೦೧೭ರ ಮಾರ್ಚಿನಲ್ಲಿ ಹ್ಯಾರಿಸನನು ಪೂರ್ವದ ಸಿಎಸ್‌ಎಕ್ಸ್ ದಾರಿಗೆ ಮುಖ್ಯನಾಗಿ ಬಂದು, ಕೆಲವೇ ತಿಂಗಳುಗಳಲ್ಲಿ ಹಲವು ದಿಬ್ಬದ ಯಾರ್ಡುಗಳನ್ನು ನಿಲ್ಲಿಸಿದನು. ಆ ಬೇಸಗೆಯಲ್ಲಿ ವ್ಯಾಗನ್ನುಗಳು ದಾರಿ ತಪ್ಪಿದುವು, ಕಾರ್ಖಾನೆಗಳವರು ಮೊರೆಯಿಟ್ಟರು, ಅಕ್ಟೋಬರ್ ೧೧ರಂದು ವಾಷಿಂಗ್ಟನ್ನಿನಲ್ಲಿ ಸಾರಿಗೆಯ ನಿಯಂತ್ರಣಮಂಡಲಿಯು ಅವರ ಅಹವಾಲುಗಳನ್ನು ಕೇಳಿತು. ಡಿಸೆಂಬರ್ ೧೬ರಂದು ಹ್ಯಾರಿಸನನು ತೀರಿಹೋದನು.

ಆತನ ಪದ್ಧತಿಯು ಆತನೊಡನೆ ಹೋಗಲಿಲ್ಲ. ದೊಡ್ಡ ದಾರಿಗಳಲ್ಲಿ ಹೆಚ್ಚಿನವು ಅದನ್ನು ಅವಲಂಬಿಸಿದುವು. ೨೦೨೨ರ ಏಪ್ರಿಲಿನಲ್ಲಿ ಅದೇ ಮಂಡಲಿಯು ಮತ್ತೆ ವಿಚಾರಣೆಗೆ ಕುಳಿತಾಗ, ದೊಡ್ಡ ಕಂಪೆನಿಗಳು ಆರು ವರ್ಷಗಳಲ್ಲಿ ನೂರಕ್ಕೆ ೨೯ರಷ್ಟು, ಎಂದರೆ ಸುಮಾರು ೪೫,೦೦೦ ನೌಕರರನ್ನು ಇಳಿಸಿದುವೆಂದು ಅದರ ಅಧ್ಯಕ್ಷನು ತಿಳಿಸಿದನು. ಇಂಜಿನ್ನುಗಳಿದ್ದೂ ಹತ್ತಿ ನಡೆಸುವವರಿಲ್ಲದೆ ಬಂಡಿಗಳು ನಿಂತಿದ್ದುವು. ಕೆಲಸದಿಂದ ಬಿಟ್ಟುಹೋದ ಡ್ರೈವರುಗಳನ್ನು ಕರೆದರೆ ಅನೇಕರು ಬರಲೊಲ್ಲರು. ಹೊಸಬರನ್ನು ತಯಾರುಮಾಡಲು ತಿಂಗಳುಗಳು ಬೇಕು. ಮೇ ತಿಂಗಳಲ್ಲಿ ಮಂಡಲಿಯು ನಾಲ್ಕು ಕಂಪೆನಿಗಳಿಗೆ, ಸೇವೆಯನ್ನು ಸರಿಪಡಿಸುವ ಯೋಜನೆಯನ್ನು ಬರೆದು ಒಪ್ಪಿಸಬೇಕೆಂದೂ, ಬಂಡಿಗಳ ವೇಗದೊಡನೆ ನೌಕರರ ಸಂಖ್ಯೆಯನ್ನೂ ಹೊಸಬರ ತರಬೇತಿಯ ವಿವರವನ್ನೂ ನಿಯತಕಾಲಕ್ಕೆ ತಿಳಿಸುತ್ತಿರಬೇಕೆಂದೂ ಆಜ್ಞೆಯನ್ನು ಹೊರಡಿಸಿತು. ಹೀಗೆ, ೧೮೫೫ರ ಹೆನ್ಷಾನ ಚಿತ್ರದಲ್ಲಿ ಕೊಂಬೆಗಳ ತುದಿಯಲ್ಲಿ ಬರೆದಿದ್ದ ಆ ಸಂಖ್ಯೆಗಳು ಮತ್ತೊಮ್ಮೆ ವರದಿಗಳ ಕಾಲಮಿನೊಳಕ್ಕೆ ಬಂದುವು.